ತಳವಿಲ್ಲದ ಪುಟ್ಟಿ

ನಾನು ಓದು ನಿಲ್ಲಿಸಿದ್ದು ೧೯೯೭ರಲ್ಲಿ, ಎಂಟನೇ ಕ್ಲಾಸಿನ ನಡುವೆ. ಬಡತನ ಬಿಡಿಸಿತು ಎಂದರೆ ಕೇಳುವವರಿಗೆ ಚೆನ್ನಾಗಿರುತ್ತದೆ. ಆದರೆ ಅದು ಸುಳ್ಳು. ಹಿರೇಗುಂಟನೂರಿನ ಪಕ್ಕದ ನಮ್ಮ ಊರಿನ ಶಾಲೆಯ ಅಂಗಳಕ್ಕೆ ಕೈಪಂಪಿನ ಬೋರು ಕೊರೆಯಲು ಒಂದು ಲಾರಿ ಬಂತು. ಮೇಷ್ಟ್ರು ಧೂಳು ಬರುತ್ತದೆಂದು ಕಿಟಕಿ ಹಾಕಿಸಿದರು. ನಾನು ಕಿಟಕಿಯ ಸಂದಿಗೆ ಕಣ್ಣಿಟ್ಟು ಕೂತೆ. ಬೆಳಗಿನಿಂದ ಬಿಳಿ ಹಿಟ್ಟು ಹಾರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಹಿಟ್ಟು ಒದ್ದೆಯಾಯಿತು, ಒದ್ದೆ ಕೆಸರಾಯಿತು, ಆಮೇಲೆ ಬುಸ್ಸೆಂದು ನೀರು ಬಾವುಟದ ಕಂಬದೆತ್ತರ ಎದ್ದಿತು. ಕಲ್ಲಿನೊಳಗೆ ನೀರಿತ್ತು! ನಾವು ಕಬಡ್ಡಿ ಆಡುವ ಜಾಗದ ಕೆಳಗೇ ಇತ್ತು! ಇಷ್ಟು ದೊಡ್ಡ ಸುದ್ದಿ ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿರಲಿಲ್ಲ. ವಾರ ಕಳೆಯುವುದರೊಳಗೆ ನಾನು ಆ ಲಾರಿಯ ಮೇಲಿದ್ದೆ.

ಅಪ್ಪ ಕುರಿ ಕಾಯುವವನು, ಅಪ್ಪನ ಅಪ್ಪನೂ ಅದೇ. ಅವನು ತಡೆಯಲಿಲ್ಲ.

"ಕುರಿ ಬ್ಯಾಡ, ಪುಸ್ತಕ ಬ್ಯಾಡ, ಡೀಸೆಲ್ ಕುಡಿಯೋ ಲಾರಿ ಬೇಕಾ? ಹೋಗಪ್ಪ ಹೋಗು. ಮೂರ್ ದಿನಕ್ಕೆ ಬರ್ತೀಯ," ಎಂದ.

ನಾನು ಹೋದದ್ದು ಮೂರು ದಿನಕ್ಕಲ್ಲ ಎಂದು ಅವನಿಗೆ ಗೊತ್ತಾಗಲು ವರ್ಷಗಳು ಬೇಕಾದವು. ರಾಡು ತೊಳೆದೆ, ರಾಡು ಜೋಡಿಸಿದೆ, ಆಮೇಲೆ ಲಿವರ್ ಹಿಡಿದೆ. ಇಪ್ಪತ್ತೈದು ತುಂಬುವ ಮೊದಲೇ ಡ್ರಿಲ್ಲರ್ ಎನಿಸಿಕೊಂಡೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ; ದುಡಿದು ಪಡೆದದ್ದು.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಈ ನಾಲ್ಕು ತಾಲ್ಲೂಕುಗಳ ನೆಲ ನನಗೆ ಒಳಗಿನಿಂದ ಗೊತ್ತು. ದುರ್ಗದ ಸುತ್ತಮುತ್ತ ಬರುವುದು ಜೋಳದ ಹಿಟ್ಟಿನಂಥ ಬಿಳಿ ಪುಡಿ. ಹೊಸದುರ್ಗದ ಕಡೆ ಹೋದರೆ ಹಸಿರು ಬೆರೆತ ಕಪ್ಪು, ಮೂಗಿಗೆ ಕಬ್ಬಿಣದ ವಾಸನೆ. ಹೊಳಲ್ಕೆರೆಯ ತೋಟಗಳಲ್ಲಿ ಮೇಲೆ ಕೆಂಪು ಮಣ್ಣು, ಕೆಳಗೆ ಹಟಮಾರಿ ಬಂಡೆ. ಎಂಟುನೂರು ಅಡಿ ಹೋದರೂ ಒಂದು ಹನಿ ಬಿಡದ ಬಂಡೆ. ಹಿರಿಯೂರಿನಲ್ಲಿ ಎರೆಮಣ್ಣು ದಾಟುವ ತನಕ ತಾಪತ್ರಯ, ದಾಟಿದ ಮೇಲೆ ಹ್ಯಾಮರ್ ಹಾಡುತ್ತ ಇಳಿಯುತ್ತದೆ. ಎಲ್ಲಿ ಹೋದರೂ ಒಂದು ಮಾತು ಮಾತ್ರ ನಿಜ: ನಮ್ಮ ಕಲ್ಲು ನಿಂತ ಹಾಗೆ ನಿಲ್ಲುತ್ತದೆ. ತೂತು ಮಾಡಿದರೆ ತೂತು ತೂತಾಗಿಯೇ ಇರುತ್ತದೆ. ಮೇಲಿನ ನಲವತ್ತು ಐವತ್ತು ಅಡಿ ಮಣ್ಣಿಗೆ ಕೇಸಿಂಗ್ ಪೈಪು ಇಳಿಸಿದರೆ ಮುಗಿಯಿತು, ಉಳಿದದ್ದನ್ನು ಬಂಡೆ ನೋಡಿಕೊಳ್ಳುತ್ತದೆ.

ನಮ್ಮ ಕಡೆ ಬೋರು ಕೊರೆಯುವವರಲ್ಲಿ ಒಂದು ಪದ್ಧತಿ ಇದೆ. ನೀರು ಬಿದ್ದ ಹಾಗೆ ಕಂಡಾಗ ಕಂಪ್ರೆಸರ್ ನಿಲ್ಲಿಸುತ್ತೇವೆ. ಅಷ್ಟು ಹೊತ್ತು ಎದೆಗೆ ಗುದ್ದುತ್ತಿದ್ದ ಸದ್ದು ಒಮ್ಮೆಗೇ ಇಲ್ಲವಾಗುತ್ತದೆ. ಜಮೀನಿನ ಯಜಮಾನ, ಊದುಬತ್ತಿ ಹಿಡಿದ ಹೆಂಗಸರು, ಬೈಕಿನಲ್ಲಿ ಬಂದ ನೆಂಟರು, ಎಲ್ಲರೂ ಬಾಯಿ ಮುಚ್ಚುತ್ತಾರೆ. ಡ್ರಿಲ್ಲರ್ ಮಂಡಿಯೂರಿ ಪೈಪಿನ ಬಾಯಿಗೆ ಕಿವಿ ಕೊಡುತ್ತಾನೆ. ಕೆಳಗೆ, ನಾನೂರೋ ಐನೂರೋ ಅಡಿಯಲ್ಲಿ, ಕಲ್ಲಿನ ಬಿರುಕಿನಿಂದ ನೀರು ಬೀಳುವ ಸದ್ದು ಕೇಳಿಸುತ್ತದೆ. ದೂರದ ಮನೆಯಲ್ಲಿ ಯಾರೋ ಹಂಡೆಗೆ ಕೊಡ ಸುರಿದ ಹಾಗೆ. ಆ ಸದ್ದಿನಿಂದಲೇ ನಾನು ಒಂದೂವರೆ ಇಂಚೋ ಮೂರಿಂಚೋ ಹೇಳುತ್ತಿದ್ದೆ. ಆಮೇಲೆ ಅಳೆದರೆ ಕಾಲಿಂಚು ಆಚೀಚೆ. ಜನ ನನಗೆ ಕಿವಿ ಮೇಸ್ತ್ರಿ ಎಂದು ಹೆಸರಿಟ್ಟಿದ್ದರು. ಆ ಹೆಸರು ನನಗೆ ಇಷ್ಟವಾಗಿತ್ತು. ಆ ಹೆಸರೇ ಒಂದು ದಿನ ನನ್ನ ಕಾಲು ಎಳೆಯಿತು.

ಅದಕ್ಕೆ ಮೊದಲು ಹೊಳೆಯ ಒಂದು ಮಾತು ಹೇಳಬೇಕು. ಬೇಸಿಗೆಯಲ್ಲಿ ಅಪ್ಪ ಕುರಿ ಹೊಡೆದುಕೊಂಡು ಆದಿವಾಲದಾಚೆ ವೇದಾವತಿಯ ದಡಕ್ಕೆ ಹೋಗುತ್ತಿದ್ದ. ಶಾಲೆ ಬಿಡುವ ಮುಂಚಿನ ರಜೆಗಳಲ್ಲಿ ನಾನೂ ಹೋಗುತ್ತಿದ್ದೆ. ಹೊಳೆ ಒಣಗಿ ಬರೀ ಮರಳಾಗಿರುತ್ತಿತ್ತು. ಅಪ್ಪ ಮರಳಿನ ಮೇಲೆ ಬರಿಗಾಲಲ್ಲಿ ನಡೆದು, ಅಂಗಾಲಿಗೆ ತಂಪು ಸಿಕ್ಕ ಜಾಗದಲ್ಲಿ ಒರತೆ ತೋಡುತ್ತಿದ್ದ. ಮೊಣಕಾಲುದ್ದ ತೋಡಿದರೆ ನೀರು ಜಿನುಗುವುದು. ಆಮೇಲೆ ತಳ ಕಿತ್ತ ಬಿದಿರು ಪುಟ್ಟಿಯನ್ನು ಆ ಗುಂಡಿಯೊಳಗೆ ತಿರುವಿ ತಿರುವಿ ಇಳಿಸಿ, ಪುಟ್ಟಿಗೂ ಮರಳಿಗೂ ನಡುವೆ ಹರಳುಕಲ್ಲು, ಲಕ್ಕಿ ಸೊಪ್ಪು ತುಂಬುತ್ತಿದ್ದ. ಪುಟ್ಟಿಯ ಹೆಣಿಗೆಯ ಸಂದಿಯಿಂದ ಕನ್ನಡಿಯಂಥ ನೀರು ಬರುತ್ತಿತ್ತು. ನಾನು ಲಾರಿ ಹತ್ತಿದ ಮೇಲೆ ಆ ಪುಟ್ಟಿಯನ್ನು ಮರೆತೆ. ಮರೆತೆ ಎನ್ನುವುದಕ್ಕಿಂತ, ನೆನೆಯಲು ನಾಚಿಕೆಯಾಗುತ್ತಿತ್ತು. ಎಂಟುನೂರು ಅಡಿ ಬಂಡೆ ಸೀಳುವವನಿಗೆ ಮೊಣಕಾಲುದ್ದದ ಗುಂಡಿ ಯಾವ ಲೆಕ್ಕ?

ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯ ಒಬ್ಬ ಕಂಟ್ರಾಕ್ಟರು ಕಚ್ಛ್ ಸೀಮೆಯ ಊರುಗಳಿಗೆ ಕುಡಿಯುವ ನೀರಿನ ಬೋರು ಕೊರೆಯುವ ಕೆಲಸ ಹಿಡಿದರು. ಭೂಮಿ ಆಗಾಗ ಅಲುಗುವ ಸೀಮೆ. "ಡಬಲ್ ಸಂಬಳ, ಹೊಸ ಮಿಷನ್ನು, ಬರ್ತೀಯೇನಪ್ಪ?" ಎಂದರು. ನಾನು ಹೊರಟೆ. ನನ್ನ ಜೊತೆ ರಾಡು ಜೋಡಿಸಲು ಹೊಸದುರ್ಗದ ಕಡೆಯ ಒಬ್ಬ ಗೆಣೆಕಾರನೂ ಬಂದ. ಅವನ ಬಾಯಿ ಎಂಜಿನ್ನಿಗಿಂತ ಜೋರು.

ಆ ಬಯಲು ನೋಡಿ ನಾವಿಬ್ಬರೂ ಮಾತು ಕಳೆದುಕೊಂಡೆವು. ಅವನು ಕೂಡ! ಕಣ್ಣು ಹಾಯುವ ತನಕ ಸಪಾಟು. ಗುಡ್ಡವಿಲ್ಲ, ಗುಂಡಿಲ್ಲ. ಮೊದಲ ದಿನ ಒಂದು ನಾಯಿ ನಮ್ಮ ಬುತ್ತಿಗೆ ಬಾಯಿ ಹಾಕಿತು. ಗೆಣೆಕಾರ ಅದನ್ನು ಹೆದರಿಸಲು ಕಲ್ಲಿಗಾಗಿ ಕೆಳಗೆ ಕೈ ಹಾಕಿದ. ಸುತ್ತ ಹುಡುಕಿದ. ಕೊನೆಗೆ ಬರಿಗೈಯಲ್ಲಿ ನಿಂತು, "ಅಣ್ಣಾ, ಈ ದೇಶದಾಗೆ ನಾಯಿಗೆ ಹೊಡೆಯಾಕೆ ಒಂದ್ ಕಲ್ಲಿಲ್ಲ ಕಣಣ್ಣ!" ಎಂದ. ನಿಜವೇ. ಹೊಳೆಗಳು ಎಷ್ಟೋ ಸಾವಿರ ವರ್ಷ ತಂದು ಸುರಿದ ಮಣ್ಣು, ಮರಳು, ಜೇಡಿ. ಒಂದರ ಮೇಲೊಂದು, ಹಾಸಿಗೆ ಮಡಚಿ ಇಟ್ಟ ಹಾಗೆ. ಕೆಳಗೆ ಬಂಡೆ ಎಷ್ಟು ಆಳದಲ್ಲಿದೆಯೋ ಕೇಳಿದರೆ ಯಾರಿಗೂ ಗೊತ್ತಿಲ್ಲ. ನಾನು ಹುಟ್ಟಿದಾಗಿನಿಂದ ಬಂಡೆಯ ಮೇಲೆ ನಿಂತವನು. ಅಲ್ಲಿ ನಿಂತಾಗ ಕಾಲ ಕೆಳಗೆ ಏನೂ ಇಲ್ಲದ ಹಾಗೆ ಅನ್ನಿಸಿತು.

ಹೊಸ ಮಿಷನ್ನೂ ನಮ್ಮದರ ಹಾಗಿರಲಿಲ್ಲ. ಅಲ್ಲಿ ಬಂಡೆ ಕುಟ್ಟುವ ಹ್ಯಾಮರ್ ಇಲ್ಲ, ಪುಡಿ ಊದಿ ಹೊರಹಾಕುವ ಗಾಳಿ ಇಲ್ಲ. ಜೇಡಿ ಕದಡಿದ ಕೆಸರುನೀರನ್ನು ಪಂಪು ರಾಡಿನೊಳಗಿಂದ ಕೆಳಗೆ ತಳ್ಳುತ್ತದೆ. ಅದು ತುದಿಯಲ್ಲಿ ಹೊರಬಿದ್ದು, ಕೊರೆದ ಮರಳನ್ನು ಹೊತ್ತುಕೊಂಡು ರಾಡಿನ ಸುತ್ತಲಿಂದ ಮೇಲೆ ಬರುತ್ತದೆ. ಇದನ್ನು ಕಲಿಸಲು ಆ ಕಡೆಯ ಒಬ್ಬ ಮುದುಕ ಮಿಸ್ತ್ರಿ ಇದ್ದ. ತಿಂಗಳು ಕಲಿಸಿದ. ಆಮೇಲೆ ಮಗಳ ಮದುವೆಗೆಂದು ಹೊರಟ. ಹೊರಡುವಾಗ ನನ್ನ ಭುಜ ಹಿಡಿದು ಹಿಂದಿಯಲ್ಲಿ ಒಂದೇ ಮಾತು ಹೇಳಿದ: "ಏನು ಬೇಕಾದರೂ ಮಾಡು, ಪಂಪು ನಿಲ್ಲಿಸಬೇಡ."

ಯಾಕೆ ಎಂದು ನಾನು ಕೇಳಲಿಲ್ಲ. ಇಪ್ಪತ್ತು ವರ್ಷ ಬೋರು ಕೊರೆದವನು ಯಾಕೆ ಎಂದು ಕೇಳುತ್ತಾನೆಯೇ?

ಆಗ ನಾವಿದ್ದದ್ದು ದನ, ಕುರಿ ಸಾಕುವವರ ಒಂದು ಸಣ್ಣ ಊರಿನಲ್ಲಿ. ದುಂಡನೆಯ ಮಣ್ಣಿನ ಮನೆಗಳು, ಕಾಳು ತುಂಬುವ ಪಣತದ ಹಾಗೆ. ದುಂಡಗಿದ್ದರೆ ಭೂಮಿ ಅಲುಗಿದಾಗ ಬೀಳುವುದಿಲ್ಲವಂತೆ. ಊರಿಗೆ ಹಿರಿಯನೊಬ್ಬನಿದ್ದ, ಬಿಳಿ ಗಡ್ಡದ ದನಗಾಹಿ. ಅವನಿಗೆ ನಮ್ಮ ಮಾತು ಬಾರದು, ನಮಗೆ ಅವನದು ಬಾರದು. ಅವನ ಮೊಮ್ಮಗನಿಗೆ ಅಷ್ಟಿಷ್ಟು ಹಿಂದಿ ಬರುತ್ತಿತ್ತು. ಮೊದಲ ದಿನವೇ ಹಿರಿಯ ನನ್ನನ್ನು ಊರ ಹಳೆಯ ಬಾವಿಗೆ ಕರೆದುಕೊಂಡು ಹೋದ. ಬಾವಿ ಬಾಯಿಯ ತನಕ ಮರಳು. "ಮೇಲಿನಿಂದ ಬಿದ್ದದ್ದಲ್ಲ," ಎಂದು ಮೊಮ್ಮಗ ಹೇಳಿದ. "ತಾತ ಹುಡುಗನಾಗಿದ್ದಾಗ ಭೂಮಿ ಅಲುಗಿತು. ಮರಳು ನೀರಿನ ಹಾಗೆ ಕುದಿಯುತ್ತ ಕೆಳಗಿನಿಂದ ಎದ್ದು ಬಂತು." ಅಂದಿನಿಂದ ಆ ಊರಿಗೆ ಸಿಹಿನೀರಿಲ್ಲ. ಹೊಂಡದ ನೀರು ಉಪ್ಪು. ಕುಡಿಯಲು ಮೂರು ದಿನಕ್ಕೊಮ್ಮೆ ಟ್ಯಾಂಕರು ಬರಬೇಕು. ನಮ್ಮ ಕಂಟ್ರಾಕ್ಟರು ಊರಿಗೊಂದೇ ಬೋರು ಎಂದು ಖಡಾಖಂಡಿತ ಹೇಳಿದ್ದರು. ಇದು ಕೆಟ್ಟರೆ ಮಿಷನ್ನು ಮುಂದಿನ ಊರಿಗೆ ಹೋಗುತ್ತದೆ, ಈ ಊರು ಪಟ್ಟಿಯಿಂದ ಹೊರಗೆ. ಹಿರಿಯನಿಗೆ ಅದು ಗೊತ್ತಿತ್ತು. ದಿನಾ ಬೆಳಿಗ್ಗೆ ಬಂದು ಮಿಷನ್ನಿನ ಎದುರು ಹಗ್ಗದ ಮಂಚ ಹಾಕಿಕೊಂಡು ಕೂರುತ್ತಿದ್ದ.

ಮಿಸ್ತ್ರಿ ಹೋದ ನಾಲ್ಕನೇ ದಿನ ಮಧ್ಯಾಹ್ನ, ಇನ್ನೂರ ಅರವತ್ತು ಅಡಿಯಲ್ಲಿ, ಬರುತ್ತಿದ್ದ ಮರಳಿನ ಬಣ್ಣ ಬದಲಾಯಿತು. ಬೂದಿ ಹೋಗಿ ಹಳದಿ, ಸಣ್ಣದು ಹೋಗಿ ದಪ್ಪ. ಅಂಗೈಯಲ್ಲಿಟ್ಟುಕೊಂಡರೆ ನವಣೆ ಕಾಳಿನ ಹಾಗೆ ಹೊರಳುತ್ತಿತ್ತು. ನನ್ನ ಎದೆ ಹಿಗ್ಗಿತು.

ಗೆಣೆಕಾರ ಕೈಯೊರೆಸಿಕೊಳ್ಳುತ್ತ ಬಂದ. "ಏನಣ್ಣ, ನೀರ್ ಬಿತ್ತಾ?"

"ಬಿದ್ದಂಗೈತೆ."

"ಬಿದ್ದಂಗೈತೆ ಅಂದ್ರೇನಣ್ಣ? ಕಿವಿ ಮೇಸ್ತ್ರಿ ಬಾಯಾಗೆ ಬರೋ ಮಾತಾ ಅದು? ಕಿವಿ ಕೊಟ್ಟು ಇಷ್ಟು ಇಂಚು ಅಂತ ಹೇಳು. ಈ ಮುದ್ಯಪ್ಪಂಗೆ ನಮ್ ದುರ್ಗದೋರು ಯಾರು ಅಂತ ಗೊತ್ತಾಗ್ಲಿ."

ನಾನು ಎಂಜಿನ್ ನಿಲ್ಲಿಸಿದೆ. ಪಂಪೂ ನಿಂತಿತು. ಬಯಲಿನ ತುಂಬ ಮೌನ ಬಂದು ಕೂತಿತು. ಊರವರಿಗೆ ಯಾರೂ ಹೇಳದಿದ್ದರೂ ಅವರೂ ಬಾಯಿ ಮುಚ್ಚಿದರು. ಮಂಡಿಯೂರಿ ಬೋರಿನ ಬಾಯಿಗೆ ಕಿವಿ ಇಟ್ಟೆ.

ಸದ್ದು ಕೇಳಿಸಿತು. ಸರ್ ಎಂದು, ನಿಲ್ಲದೆ, ಮೆತ್ತಗೆ. ಯಾರೋ ಚೀಲಕ್ಕೆ ರಾಗಿ ಸುರಿಯುತ್ತಿರುವ ಹಾಗೆ. ಇಂಥ ಸದ್ದು ನಾನು ಎಂದೂ ಕೇಳಿರಲಿಲ್ಲ. ದೊಡ್ಡ ನೀರು ಎಂದುಕೊಂಡೆ. ಹಿರಿಯನ ಕಡೆ ನೋಡಿ ನಕ್ಕು ಐದು ಬೆರಳು ತೋರಿಸಿದೆ, ಐದಿಂಚು ಎಂದು. ಅವನು ನಗಲಿಲ್ಲ. ನನ್ನ ಬೆರಳನ್ನೂ ನೋಡಲಿಲ್ಲ. ಬೋರಿನ ಬಾಯಲ್ಲಿ ಕೆಸರುನೀರು ಮೆಲ್ಲಗೆ ಕೆಳಗಿಳಿಯುತ್ತಿದ್ದುದನ್ನು ನೋಡುತ್ತಿದ್ದ.

ಎಂಜಿನ್ ಮತ್ತೆ ಹಾಕಿದೆ. ರಾಡು ತಿರುಗಲಿಲ್ಲ. ಮೇಲೆಳೆದೆ, ಲಾರಿಯ ಹಿಂಬದಿ ಕುಸಿಯಿತು, ರಾಡು ಏಳಲಿಲ್ಲ. ಆಗ ನನಗೆ ಗೊತ್ತಾಯಿತು: ನಾನು ಕೇಳಿದ್ದು ನೀರಿನ ಸದ್ದಲ್ಲ, ಮರಳಿನದು. ತೊಂಬತ್ತರಿಂದ ನೂರಹತ್ತು ಅಡಿಯ ನಡುವೆ ಸಣ್ಣ ಮರಳಿನ ಒಂದು ಪದರ ದಾಟಿದ್ದೆವು. ಅದು ಪಂಪು ನಿಂತದ್ದೇ ಕುಸಿದು ರಾಡಿನ ಕುತ್ತಿಗೆ ಹಿಡಿದಿತ್ತು. ನಾನು ಕಿವಿಯಿಟ್ಟು ಆನಂದದಿಂದ ಕೇಳುತ್ತಿದ್ದದ್ದು ನನ್ನ ಬೋರು ಸಾಯುವ ಸದ್ದನ್ನು.

ಗೆಣೆಕಾರ ಆ ದಿನ ಮತ್ತೆ ಮಾತಾಡಲಿಲ್ಲ. ಕಂಟ್ರಾಕ್ಟರು ಫೋನಿನಲ್ಲಿ, "ನಾಲ್ಕು ದಿನ ನೋಡು. ಆಗದಿದ್ರೆ ರಾಡು ಕತ್ತರಿಸಿ ಅಲ್ಲೇ ಬಿಟ್ಟು ಮುಂದಿನ ಊರಿಗೆ ನಡಿ," ಎಂದರು. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಾರನೆಯ ಬೆಳಿಗ್ಗೆ ಹಿರಿಯ ಎಂದಿನಂತೆ ಬಂದು ಮಂಚ ಹಾಕಿದ. ಅವನ ಮುಖ ನೋಡಲಾರದೆ ನಾನು ಮಿಷನ್ನಿನ ಕಡೆ ತಿರುಗಿ, ನೆಲದಿಂದ ಎದೆಯೆತ್ತರ ಎದ್ದು ನಿಂತಿದ್ದ ರಾಡನ್ನು ಅಂಗೈಯಲ್ಲಿ ಹಿಡಿದು ನಿಂತೆ. ಡ್ರಿಲ್ಲರಿಗೆ ಅದು ಅಭ್ಯಾಸ. ಕೆಳಗೆ ಏನು ನಡೆಯುತ್ತಿದೆ ಎಂದು ರಾಡೇ ಅಂಗೈಗೆ ಹೇಳುತ್ತದೆ.

ಎಂಜಿನ್ ಆಫಾಗಿತ್ತು. ಗಾಳಿಯೂ ಇರಲಿಲ್ಲ. ರಾಡು ನಡುಗಿತು.

ಮೊದಲು ಸಣ್ಣಗೆ, ಕುರಿಮರಿಯ ಮೈ ಹಿಡಿದಾಗ ಒಳಗೆ ಡವಗುಟ್ಟುವ ಹಾಗೆ. ನನ್ನ ಕೈಯೇ ನಡುಗುತ್ತಿದೆ ಎಂದುಕೊಂಡೆ. ಆಮೇಲೆ ದೊಡ್ಡದಾಗಿ, ಕೆಳಗಿನಿಂದ ಮೇಲಕ್ಕೆ, ಇನ್ನೂರ ಅರವತ್ತು ಅಡಿಯಿಂದ ಏನೋ ನನ್ನ ಅಂಗೈ ಹುಡುಕಿಕೊಂಡು ಬಂದ ಹಾಗೆ. ಅದಾದ ಮೇಲೆಯೇ ಮಿಷನ್ನಿನ ಕಂಬದ ಸರಪಳಿಗಳು ಗಲಗಲ ಎಂದವು. ಕೆಸರಿನ ಹೊಂಡದಲ್ಲಿ ನೀರು ತಟ್ಟೆ ಓರೆ ಮಾಡಿದ ಹಾಗೆ ಒಂದು ಕಡೆಗೆ ಹೋಗಿ ಮತ್ತೆ ಬಂತು. ಕುರಿಗಳು ಒಮ್ಮೆಗೇ ಮೇಯುವುದು ನಿಲ್ಲಿಸಿದವು. ಎಲ್ಲ ಸೇರಿ ಏಳೆಂಟು ಉಸಿರಿನಷ್ಟು ಹೊತ್ತು. ದುಂಡನೆ ಮನೆಗಳ ಹೆಂಗಸರು ಒಲೆ ಮೇಲಿನ ಹಾಲು ಇಳಿಸಿ ಹೊರಗೆ ಬಂದು, ಮಕ್ಕಳನ್ನು ಎಣಿಸಿ, ಮತ್ತೆ ಒಳಗೆ ಹೋದರು. ಅವರಿಗೆ ಅದು ಅಷ್ಟೇ.

ನಾನು ಮಾತ್ರ ರಾಡು ಬಿಡದೆ ನಿಂತೇ ಇದ್ದೆ. ಇಪ್ಪತ್ತು ವರ್ಷ ನಾನು ಭೂಮಿಗೆ ಹೊಡೆದಿದ್ದೆ, ಭೂಮಿ ಹೊಡೆಸಿಕೊಂಡಿತ್ತು. ಅಂದು ಮೊದಲ ಸಲ ಅದು ತಿರುಗಿ ನನ್ನ ಕೈ ಮುಟ್ಟಿತು. ಹೆದರಿಕೆಯಾಗಲಿಲ್ಲ. ದೊಡ್ಡವರ ಮನೆಗೆ ಚಪ್ಪಲಿ ಬಿಡದೆ ನುಗ್ಗಿದವನಿಗೆ ಒಳಗಿನಿಂದ ಯಾರೋ ಕೆಮ್ಮಿದ ಹಾಗಾಯಿತು.

ಊರಿನ ದನಿ ಕೇಳಬೇಕು ಅನ್ನಿಸಿತು. ಅಪ್ಪನಿಗೆ ಫೋನು ಹಚ್ಚಿದೆ. ಅವನು ಕುರಿ ಮೇಯಿಸುತ್ತಿದ್ದ, ಹಿಂದೆ ಗಂಟೆಯ ಸದ್ದು.

"ಅಪ್ಪಾ, ಇಲ್ಲಿ ಭೂಮಿ ಅಲುಗ್ತು."

"ಬೆಳಿಗ್ಗೆ ಬೆಳಿಗ್ಗೇನೇ ಕುಡಿದಿದೀಯೇನ್ಲೇ?"

"ಇಲ್ಲಪ್ಪ, ನಿಜವಾಗ್ಲೂ. ರಾಡು ಹಿಡ್ಕಂಡಿದ್ದೆ, ಕೈಯಾಗೇ ಗೊತ್ತಾತು."

"ಹಂಗಾರೆ ಅಲ್ಯಾಕೆ ನಿಂತಿದೀಯ? ಬಾ ಇಲ್ಲಿಗೆ. ನಮ್ ದುರ್ಗದ ಕಲ್ಲು ಎಲ್ಲಿಗೂ ಹೋಗಿಲ್ಲ, ಇಲ್ಲೇ ಐತೆ."

"ರಾಡು ಸಿಕ್ಕಾಕ್ಕಂಡೈತಪ್ಪ. ಮರಳು ಕುಸೀತು."

ಅಪ್ಪ ನಗಲು ಶುರುಮಾಡಿದ. ಅವನ ನಗು ಮುಗಿಯುವ ತನಕ ನಾನು ಕಾಯಬೇಕಾಯಿತು. "ಏನಪ್ಪ, ಬಂಡೆ ತೂತು ಮಾಡೋ ಸಾಹೇಬ್ರು ಮರಳಾಗೆ ಸಿಕ್ಕಾಕ್ಕಂಡ್ರಾ? ಮೇಕೆ ಮರಿ ಕಾಲಾಗೆ ಕೆದರೋ ಮರಳಾಗೆ?"

ಆಗ ನನಗೆ ಹೊಳೆ ನೆನಪಾಯಿತು. "ಅಪ್ಪಾ, ನೀನು ಹೊಳೆಯಾಗೆ ಒರತೆ ತೋಡ್ತಿದ್ದಲ್ಲ, ಅದು ಯಾಕೆ ಕುಸೀತಿರ್ಲಿಲ್ಲ?"

"ಕುಸೀತಿತ್ತು. ನೀನು ಮೊಗದ್ರೆ ಕುಸೀತಿತ್ತು."

"ನಾನು ಮೊಗದ್ರೆ?"

"ಹೂನಪ್ಪ. ನಿಂದು ದುರಾಸೆ. ತಳ ಕಾಣಾ ತನ್ಕ ಮೊಗೀತಿದ್ದೆ. ಎಷ್ಟ್ ಸಲ ಕೈ ಮ್ಯಾಲೆ ಹೊಡ್ದಿದೀನಿ, ನೆಪ್ಪಿಲ್ವಾ? ಒರತೆಯಾಗೆ ಮೊಣಕೈ ಮಟ ನೀರು ಬಿಡ್ಬೇಕು ಕಣಲೇ. ಪುಟ್ಟಿ ಏನ್ ಹಿಡಿತೈತೆ? ಮರಳ್ನ ಹಿಡ್ಕಂಡಿರೋದೇ ಆ ನೀರು. ಹೊರಗಿನ ನೀರು ಒಳಕ್ಕೆ ತಳ್ತೈತೆ, ಒಳಗಿನ್ದು ಹೊರಕ್ಕೆ ತಳ್ತೈತೆ. ನೀನು ಒಳಗಿಂದು ತೆಗೆದ್ರೆ ಹೊರಗಿನ್ದು ಮರಳು ಎತ್ಕಂಡು ಬಂದು ಕುಂತ್ಕಂತೈತೆ."

ಪಂಪು ನಿಲ್ಲಿಸಬೇಡ. ಮಿಸ್ತ್ರಿ ಹೇಳಿದ ಮಾತಿನ ಒಳಗಿದ್ದದ್ದು ಇಷ್ಟೇ. ಯಾಕೆ ಎಂದು ನಾನು ಕೇಳದ ಪ್ರಶ್ನೆಗೆ ಸಾವಿರ ಮೈಲಿಯಾಚೆ ಕುರಿಯ ನಡುವೆ ನಿಂತವನು ಉತ್ತರ ಹೇಳಿದ್ದ.

"ಕುಸಿದ ಮ್ಯಾಲೆ ಏನ್ ಮಾಡ್ತಿದ್ದೆ?" ಎಂದೆ.

"ಏನ್ ಮಾಡಾದು, ಇನ್ನೂ ದೊಡ್ಡ ಪುಟ್ಟಿದು ತಳ ಕಿತ್ತು ಅದ್ರ ಸುತ್ತ ಇಳಿಸ್ತಿದ್ದೆ. ಮ್ಯಾಲಿಂದ ನೀರು ಹುಯ್ಕಂತ, ತಿರುವ್ಕಂತ. ಬಡಿಬಾರ್ದು. ಬಡಿದ್ರೆ ಮರಳು ಬಿಗೀತೈತೆ. ತಿರುವ್ಬೇಕು. ಮಡಕೆಯಾಗೆ ಮುದ್ದೆ ತಿರುವ್ದಂಗೆ." ಆಮೇಲೆ ಅಂದ, "ಇದನ್ನೆಲ್ಲ ಫೋನಾಗೆ ಕೇಳ್ತೀಯಲ್ಲೋ, ಮಿಷನ್ನಾಗೆ ಬರೆದಿಲ್ವಾ?"

ಬೋರಿನ ಮೇಲ್ಭಾಗಕ್ಕೆ ಉಪ್ಪುನೀರು ಇಳಿಯದಂತೆ ಹಾಕಲು ತಂದ ಅಗಲದ ಕಬ್ಬಿಣದ ಪೈಪುಗಳು ಅಲ್ಲೇ ಬಿದ್ದಿದ್ದವು. ನೂರ ಇಪ್ಪತ್ತು ಅಡಿಗೆ ಸಾಕಾಗುವಷ್ಟು. ನಾನು ನೆಲದ ಮೇಲೆ ಕಡ್ಡಿಯಿಂದ ರಾಡು ಬರೆದೆ, ಅದರ ಸುತ್ತ ದೊಡ್ಡ ಪೈಪು ಬರೆದೆ. ಹಿರಿಯ ಮಂಚದಿಂದ ಎದ್ದು ಬಂದು ನೋಡಿದ. ಅವನಿಗೆ ಅರ್ಥವಾಗಲೆಂದು ಪಕ್ಕದಲ್ಲಿ ಹೊಳೆ, ಗುಂಡಿ, ತಳವಿಲ್ಲದ ಪುಟ್ಟಿ ಬರೆದೆ. ಅವನು ನನ್ನ ಕೈಯಿಂದ ಕಡ್ಡಿ ಕಿತ್ತುಕೊಂಡ. ಪುಟ್ಟಿಯ ಪಕ್ಕದಲ್ಲಿ ಒಂದು ಗುಂಡಿ ಬರೆದು, ಅದರೊಳಗೆ ಮರದ ತುಂಡುಗಳನ್ನು ಒಂದರ ಮೇಲೊಂದು ಚೌಕವಾಗಿ ಪೇರಿಸಿ, ಸುತ್ತ ಹುಲ್ಲು ತುರುಕಿದ್ದನ್ನು ಬರೆದ. ಅವರ ದನಗಾಹಿಗಳ ಒರತೆ! ಆಮೇಲೆ ತನ್ನ ಎದೆ ತೋರಿಸಿದ, ನನ್ನ ಎದೆ ತೋರಿಸಿದ, ಬೊಚ್ಚುಬಾಯಿ ಬಿಟ್ಟು ನಕ್ಕ. ಅಷ್ಟು ದಿನದಲ್ಲಿ ಅವನು ನಕ್ಕಿದ್ದು ಅದೇ ಮೊದಲು. ನನ್ನ ಹೊಸ ಬೂಟಿನೊಳಗೆ ಅವನಿಗೆ ಒಂದು ಕುರಿಕಾಯುವವನ ಕಾಲು ಕಂಡಿರಬೇಕು.

ಪೈಪಿನ ಕೆಳಬಾಯಿಗೆ ಗರಗಸದಂತೆ ಹಲ್ಲು ಕತ್ತರಿಸಿದೆವು. ರಾಡಿನ ತಲೆ ಒಳಗೆ ಬರುವಂತೆ ನಿಲ್ಲಿಸಿ, ಪಂಪಿನ ಕೊಳವೆ ಕಟ್ಟಿ ಒಳಗೆ ನೀರು ಬಿಟ್ಟೆವು. ಅಷ್ಟು ಅಗಲದ ಪೈಪು ತಿರುವಲು ನಮ್ಮ ಮಿಷನ್ನಿಗೆ ಹಿಡಿಕೆ ಇರಲಿಲ್ಲ. ಗೆಣೆಕಾರ ಸರಪಳಿ ಬಿಗಿದು ಅಡ್ಡಕ್ಕೆ ಒಂದು ತೊಲೆ ಕಟ್ಟಿದ. ಹಿರಿಯ ಊರ ಕಡೆ ತಿರುಗಿ ಒಂದು ಕೂಗು ಹಾಕಿದ. ಹದಿನಾರು ಹದಿನೇಳು ಗಂಡಸರು ಬಂದು ತೊಲೆಗೆ ಎದೆ ಕೊಟ್ಟರು. ಗಾಣದ ಎತ್ತುಗಳ ಹಾಗೆ ಸುತ್ತತೊಡಗಿದರು. ಒಂದು ಸುತ್ತಿಗೆ ಒಂದು ಬೆರಳಿನಷ್ಟು ಪೈಪು ಇಳಿಯುತ್ತಿತ್ತು. ಹೊಂಡದ ಉಪ್ಪುನೀರನ್ನು ಉಳಿದವರು ತಂದು ತಂದು ಸುರಿದರು. ಕುಡಿಯಲು ಬಾರದ ನೀರು ಅದಕ್ಕಾದರೂ ಒದಗಿತು. ನನ್ನದು ಒಂದೇ ಕೆಲಸ: ಬಾಯಿಯ ತನಕ ನೀರು ತುಂಬಿದೆಯೇ ಎಂದು ನೋಡುತ್ತಿರುವುದು. ಎರಡು ಬೆರಳು ಇಳಿದರೂ ಕೂಗುತ್ತಿದ್ದೆ.

ಗೆಣೆಕಾರನ ಬಾಯಿ ಮರಳಿ ಬಂದಿತ್ತು. "ಅಣ್ಣಾ, ಇನ್ನೊಂದ್ಸಲ ಕಿವಿ ಕೊಡ್ತೀಯೇನಣ್ಣ?"

"ನಿನ್ ಬಾಯಿಗೆ ಮರಳು ತುಂಬ್ತೀನಿ, ತಿರುವಲೇ!"

ಹೀಗೆ ಎರಡು ದಿನ ಪಂಪು ನಿಲ್ಲಲಿಲ್ಲ, ಸುತ್ತುವವರು ಸರದಿ ಬದಲಿಸಿದರು. ಮೂರನೇ ದಿನ ಬೆಳಿಗ್ಗೆ, ಕಂಟ್ರಾಕ್ಟರು ಕೊಟ್ಟ ನಾಲ್ಕು ದಿನದಲ್ಲಿ ಕೊನೆಯ ದಿನ, ಪೈಪು ನೂರ ಹದಿನೈದಕ್ಕೆ ಇಳಿದಾಗ ಒಳಗಿನ ರಾಡು ತಾನಾಗಿ ಅರ್ಧ ಸುತ್ತು ತಿರುಗಿತು. ಯಾರೂ ಮುಟ್ಟಿರಲಿಲ್ಲ. ಬಿಗಿ ಹಿಡಿದಿದ್ದ ಕೈ ಸಡಿಲವಾದ ಹಾಗೆ. ಗಂಡಸರು ತೊಲೆ ಬಿಟ್ಟು ನೆಲದ ಮೇಲೆ ಕೂತುಬಿಟ್ಟರು.

ಆಮೇಲಿನದು ಕೆಲಸ ಮಾತ್ರ. ರಾಡು ಮೇಲೆ ತಂದೆವು, ಒಂದೂ ಕಳೆಯಲಿಲ್ಲ. ದಪ್ಪ ಮರಳಿನ ತನಕ ಸಣ್ಣ ಪೈಪು ಇಳಿಸಿದೆವು. ತಳದ ಪೈಪಿಗೆ ಉದ್ದಕ್ಕೂ ಸಣ್ಣ ಸೀಳು, ಪುಟ್ಟಿಯ ಹೆಣಿಗೆಯಂತೆ. ಅದರ ಸುತ್ತ ಹರಳು ಸುರಿದೆವು. ಮದುವೆ ಮುಗಿಸಿ ಬಂದ ಮಿಸ್ತ್ರಿ ಹರಳು ಯಾಕೆ ಎಂದು ಈಗ ಬಿಡಿಸಿ ಹೇಳಿದ: ಮರಳನ್ನು ಹೊರಗೇ ತಡೆಯಲು, ಜೊತೆಗೆ, ಭೂಮಿ ಅಲುಗಿದರೆ ಹರಳೂ ಅಲುಗಿ ಮತ್ತೆ ಕೂರುತ್ತದೆ, ಪೈಪಿಗೆ ಪೆಟ್ಟು ಕಡಿಮೆ. ನಡೆದದ್ದನ್ನು ಗೆಣೆಕಾರ ಅಭಿನಯ ಮಾಡಿ ತೋರಿಸಿದ, ನಾನು ಕಿವಿಯಿಟ್ಟದ್ದು, ಐದು ಬೆರಳು ತೋರಿಸಿದ್ದು ಎಲ್ಲ ಸೇರಿಸಿ. ಮಿಸ್ತ್ರಿ ಹೊಟ್ಟೆ ಹಿಡಿದು ನಕ್ಕ. "ನಮ್ಮಲ್ಲಿ ಬೋರಿಗೆ ಕಿವಿ ಕೊಡುವುದಿಲ್ಲ ಮಗನೇ, ನಾಲಿಗೆ ಕೊಡುತ್ತೇವೆ," ಎಂದ.

ಅದನ್ನು ಅಂದೇ ಸಂಜೆಗೆ ಮುಂಚೆ ನೋಡಿದೆ. ಕಂಪ್ರೆಸರ್ ತರಿಸಿ ಗಾಳಿ ಕೊಟ್ಟು ಬೋರು ತೊಳೆದಾಗ ಮೊದಲು ಕೆಸರು ಬಂತು. ಹಿರಿಯ ಬೊಗಸೆಯಲ್ಲಿ ಹಿಡಿದು ಬಾಯಿಗೆ ಹಾಕಿ ಉಗುಳಿದ. ಕಲಕು ನೀರು ಬಂತು, ಉಗುಳಿದ. ತಿಳಿಯಾಯಿತು, ಮತ್ತೆ ಉಗುಳಿದ. ಊರೆಲ್ಲ ಅವನ ಬಾಯನ್ನೇ ನೋಡುತ್ತಿತ್ತು. ನಾನು ಎಷ್ಟೋ ಬೋರಿನ ಮುಂದೆ ಜನ ಹೀಗೆ ಉಸಿರು ಬಿಗಿಹಿಡಿದದ್ದು ಕಂಡಿದ್ದೇನೆ, ಆಗೆಲ್ಲ ಅವರು ನೋಡುತ್ತಿದ್ದದ್ದು ನನ್ನನ್ನು. ಆ ದಿನ ನಾನೂ ಅವರಲ್ಲೊಬ್ಬ. ನಾಲ್ಕನೇ ಬೊಗಸೆ ಬಾಯಿಗೆ ಹಾಕಿದ. ಕಣ್ಣು ಮುಚ್ಚಿದ.

ಉಗುಳಲಿಲ್ಲ. ಗಂಟಲಮಣಿ ಮೇಲೆ ಹೋಗಿ ಕೆಳಗೆ ಇಳಿಯಿತು. ಇನ್ನೊಂದು ಬೊಗಸೆ ಹಿಡಿದು ನನ್ನ ಮುಂದೆ ಚಾಚಿದ. ಅವನ ಕೈಯಿಂದಲೇ ಕುಡಿದೆ. ಆ ನೀರಿಗೆ ವೇದಾವತಿಯ ಒರತೆಯ ರುಚಿಯಿತ್ತು. ಮರಳು ಸೋಸಿದ ನೀರು ಎಲ್ಲಿದ್ದರೂ ಒಂದೇ ರುಚಿಯೇನೋ, ನಾನು ಓದಿದವನಲ್ಲ, ನನಗೆ ಗೊತ್ತಿಲ್ಲ.

ಊರಿಗೆ ಬಂದ ಮೇಲೆ ಸ್ವಂತ ಲಾರಿ ಮಾಡಿದೆ. ಬಂಡೆ ಕೊರೆಯುವುದು ಬಿಟ್ಟಿಲ್ಲ. ಆದರೆ ಆದಿವಾಲದಾಚೆ ಹೊಳೆದಡದಲ್ಲಿ, ಬೇರೆ ಲಾರಿಯವರು ಕುಸಿಯುತ್ತದೆಂದು ಕೈಬಿಟ್ಟ ಜಾಗಗಳಿಗೆ ಈಗ ನನ್ನನ್ನು ಕರೆಯುತ್ತಾರೆ. ಮೊದಲ ಸಲ ಹೋಗುವಾಗ ಅಪ್ಪನನ್ನೂ ಕರೆದುಕೊಂಡು ಹೋದೆ. ಅವನು ಸೀಳಿರುವ ಪೈಪನ್ನು ಬೆರಳಿನಿಂದ ಸವರಿದ. ಸುತ್ತ ಗುಡ್ಡೆ ಹಾಕಿದ್ದ ಹರಳು ನೋಡಿದ.

"ಇದು ನನ್ ಪುಟ್ಟಿ ಅಲ್ವೇನ್ಲೇ?"

"ಹೂನಪ್ಪ."

"ಲಕ್ಕಿ ಸೊಪ್ಪು ಹಾಕಿಲ್ಲ."

"ಇಲ್ಲಪ್ಪ."

"ಅದಕ್ಕೇ ನಿಂದು ಕುಸಿಯೋದು," ಎಂದು ಹೇಳಿ ಕುರಿಯ ಕಡೆ ಹೋದ.

ಕಚ್ಛಿನಿಂದ ಹಿರಿಯನ ಮೊಮ್ಮಗ ಹಬ್ಬಕ್ಕೊಮ್ಮೆ ಫೋನು ಮಾಡುತ್ತಾನೆ. ಹೋದ ಸಲ ಮಾಡಿದಾಗ ಭೂಮಿ ಮತ್ತೆ ಅಲುಗಿತು ಎಂದ, ನಾವಿದ್ದಾಗಿನದಕ್ಕಿಂತ ಜೋರಾಗಿ. ಬೋರು ಏನಾಯಿತು ಎಂದು ಕೇಳಿದೆ. ಒಂದು ದಿನ ಕಲಕು ಬಂತಂತೆ. ತಾತ ಬೊಗಸೆಯಲ್ಲಿ ಹಿಡಿದು ನೋಡಿ ಉಗುಳಿದನಂತೆ. ಮಾರನೆಯ ದಿನ ಉಗುಳಲಿಲ್ಲವಂತೆ.

ಈಗ ನನ್ನ ಹತ್ತಿರ ಇರುವುದು ಇಷ್ಟು: ಹಳೆಯ ಬೋರ್ ಲಾರಿ ಒಂದು. ರಾಡು ನಲವತ್ತು, ನಲವತ್ತೂ ನೆಲದ ಮೇಲಿವೆ. ಕೆಲಸಕ್ಕೆ ನಾಲ್ಕು ಜನ, ಅವರಲ್ಲೊಬ್ಬ ಹೊಸದುರ್ಗದ ಆ ಗೆಣೆಕಾರ. ಮರಳಿನಲ್ಲಿ ಕೊರೆದ ಬೋರು ಹನ್ನೊಂದು, ಹನ್ನೊಂದರಲ್ಲೂ ನೀರಿದೆ. ಹೆಂಡತಿ, ಇಬ್ಬರು ಮಕ್ಕಳು. ಅಪ್ಪ. ಅಪ್ಪನ ಕುರಿ ಮೂವತ್ತಾರು. ತಳವಿಲ್ಲದ ಪುಟ್ಟಿ ಒಂದು.